‘ದುರ್ಬಲ ಗುಣ’ಕ್ಕೆ ಬೇರೆ ಪದ ಬೇಡವೇ?

ಗೆಳೆಯರೇ,

ಹತ್ತನೇ ತರಗತಿಯ ಮಗಳಿಗೆ, ಗುಣಗಳು ತಲೆಮಾರಿನಿಂದ ತಲೆಮಾರಿಗೆ ಹೇಗೆ ಇಳಿಯುತ್ತವೆ ಎಂದು ತೋರಿಸಿದ ಮೆಂಡೆಲ್‌ನ ಬಟಾಣಿ ಪಾಠ ಹೇಳಿಕೊಡಲು ಕೂತಿದ್ದೆ. ಡಾಮಿನೆಂಟ್ ಅಂದರೆ ‘ಪ್ರಬಲ ಗುಣ’, ರಿಸೆಸಿವ್ ಅಂದರೆ ‘ದುರ್ಬಲ ಗುಣ’ ಎಂದು ಓದುತ್ತಾ ಹೋದೆವು. ಅವಳು ನಡುವೆ ತಡೆದಳು. "ದುರ್ಬಲ ಅಂದ್ಮೇಲೆ ಅದು ನಾಲ್ಕೈದು ತಲೆಮಾರಲ್ಲಿ ಅಳಿದೇ ಹೋಗ್ಬೇಕಲ್ವಾ?"

ಪದ ನೋಡಿದರೆ ಅವಳ ಮಾತು ಸರಿ. ವಿಷಯ ನೋಡಿದರೆ ತಪ್ಪು. ಅಲ್ಲಿಂದ ಶುರುವಾಯಿತು ನನ್ನ ತಲೆನೋವು.

ಮೆಂಡೆಲ್ ಗುಂಡು ಬಟಾಣಿಗೂ ಸುಕ್ಕು ಬಟಾಣಿಗೂ ಅಡ್ಡತಳಿ ಮಾಡಿದಾಗ ಮೊದಲ ಪೀಳಿಗೆಯಲ್ಲಿ ಬಂದದ್ದೆಲ್ಲ ಗುಂಡು ಕಾಳೇ. ಸುಕ್ಕು ಕಾಣೆ. ಮುಂದಿನ ಪೀಳಿಗೆಯಲ್ಲಿ 7324 ಕಾಳು ಎಣಿಸಿದ. 5474 ಗುಂಡು, 1850 ಸುಕ್ಕು, ಅಂದರೆ ಸುಮಾರು ಮುಕ್ಕಾಲು ಪಾಲು ಗುಂಡು. ಕಾಣೆಯಾಗಿದ್ದ ಸುಕ್ಕು ಒಂದಿಷ್ಟೂ ಮಾಸದೆ ವಾಪಸ್ ಬಂದಿತ್ತು. 1866ರಲ್ಲಿ ಅಚ್ಚಾದ ಲೇಖನದಲ್ಲಿ ಅವನು ‘ರಿಸೆಸಿವ್’ ಅನ್ನುವ ಪದ ಯಾಕೆ ಆರಿಸಿಕೊಂಡೆ ಎಂದೂ ಹೇಳಿದ್ದಾನೆ: ಈ ಗುಣಗಳು ಮಿಶ್ರತಳಿಯಲ್ಲಿ ಹಿಂದೆ ಸರಿಯುತ್ತವೆ ಅಥವಾ ಪೂರ್ತಿ ಮರೆಯಾಗುತ್ತವೆ, ಆದರೆ ಅವುಗಳ ಸಂತಾನದಲ್ಲಿ ಹಾಗೇ ಮತ್ತೆ ಕಾಣಿಸಿಕೊಳ್ಳುತ್ತವೆ. ಬಲದ ಮಾತೇ ಇಲ್ಲ. ಇರುವುದು ಸರಿಯುವ ಮಾತು.

ಸುಕ್ಕು ಯಾಕೆ ಬರುತ್ತದೆ ಎನ್ನುವುದು ಗೊತ್ತಾಗಿದ್ದು 1990ರಲ್ಲಿ. ಪಿಷ್ಟಕ್ಕೆ ಕವಲು ಮೂಡಿಸುವ ಒಂದು ಕಿಣ್ವ (ಎಂಜೈಮ್) ಆ ಕಾಳಿನಲ್ಲಿ ಕೆಟ್ಟಿರುತ್ತದೆ. ಪಿಷ್ಟ ಕಡಿಮೆಯಾಗಿ ಸಕ್ಕರೆ ಉಳಿಯುತ್ತದೆ, ಕಾಳು ಜಾಸ್ತಿ ನೀರು ಹೀರುತ್ತದೆ, ಒಣಗಿದಾಗ ಮುದುಡುತ್ತದೆ. ಆ ಕಿಣ್ವ ಮಾಡಿಸುವ ವಂಶವಾಹಿ (ಜೀನ್) ಪ್ರತಿ ಗಿಡದಲ್ಲೂ ಎರಡು ಪ್ರತಿ ಇರುತ್ತದೆ, ತಂದೆ ಕಡೆಯದೊಂದು, ತಾಯಿ ಕಡೆಯದೊಂದು. ಅದರಲ್ಲಿ ಒಂದು ಸರಿಯಿದ್ದರೂ ಸಾಕು, ಬೇಕಾದಷ್ಟು ಕಿಣ್ವ ತಯಾರಾಗಿ ಕಾಳು ಗುಂಡಗಾಗುತ್ತದೆ. ಯಾರೂ ಯಾರನ್ನೂ ಸೋಲಿಸಿಲ್ಲ. ತಿನ್ನಲು ಸಿಹಿ ಈ ‘ದುರ್ಬಲ’ ಕಾಳೇ!

ಮನುಷ್ಯರಲ್ಲೂ ಇದೇ ಕಥೆ. ‘ಓ’ ರಕ್ತದ ಗುಂಪು ಪುಸ್ತಕದ ಲೆಕ್ಕದಲ್ಲಿ ದುರ್ಬಲ. ಹಾಗಂತ ‘ಓ’ ಗುಂಪಿನವರಿಗೆ ಬರವೇ? ಇತ್ತ ಆರು ಬೆರಳು ಎಷ್ಟೋ ಮನೆತನಗಳಲ್ಲಿ ‘ಪ್ರಬಲ’ ಗುಣವಾಗಿಯೇ ಇಳಿದು ಬರುತ್ತದೆ. ಆದರೂ ಊರೆಲ್ಲ ಆರು ಬೆರಳಿನವರಿಲ್ಲ.

ಈ ಗೊಂದಲ ನನ್ನ ಮಗಳೊಬ್ಬಳದ್ದೇ ಅಲ್ಲ. ಗಿಡ್ಡ ಬೆರಳು ಪ್ರಬಲವಾದರೆ ಗುಂಡು ಬಟಾಣಿಯಂತೆ ಮುಕ್ಕಾಲು ಪಾಲು ಜನರಿಗೆ ಯಾಕೆ ಅದು ಬಂದಿಲ್ಲ ಎಂದು ಇಂಗ್ಲೆಂಡಿನ ವಿದ್ವಾಂಸರೇ ತಲೆ ಕೆಡಿಸಿಕೊಂಡಿದ್ದರು. 1908ರಲ್ಲಿ ಗಣಿತಜ್ಞ ಹಾರ್ಡಿ ಒಂದು ಪುಟ್ಟ ಲೆಕ್ಕ ಹಾಕಿ, ಪ್ರಬಲವಾದ ಮಾತ್ರಕ್ಕೆ ಗುಣ ಹಬ್ಬುವುದಿಲ್ಲ, ರಿಸೆಸಿವ್ ಆದ ಮಾತ್ರಕ್ಕೆ ಅಳಿಯುವುದೂ ಇಲ್ಲ ಎಂದು ತೋರಿಸಿದ. ಹೌದು, ಮುಂದೆ ರಾಮಾನುಜನ್ ಜೊತೆ ಕೆಲಸ ಮಾಡಿದ ಹಾರ್ಡಿಯೇ.

ಸರಿ, ದುರ್ಬಲ ಬೇಡ ಅಂದರೆ ಏನನ್ನಬೇಕು? ‘ಅಪ್ರಬಲ’ ಸ್ವಲ್ಪ ಮೃದು, ಆದರೆ ತೂಗುವುದು ಅದೇ ಬಲದ ತಕ್ಕಡಿಯಲ್ಲಿ. ‘ಸುಪ್ತ’ ಚೆನ್ನಾಗಿದೆ. ತೊಡಕೇನೆಂದರೆ ಬೀಜ ಮೊಳೆಯದೆ ಕೂತಿರುವುದಕ್ಕೆ ಆಗಲೇ ‘ಸುಪ್ತಾವಸ್ಥೆ’ ಎನ್ನುತ್ತೇವೆ. ಬಟಾಣಿ ಪಾಠದಲ್ಲೇ ಎರಡೂ ಬಂದರೆ ಮಕ್ಕಳ ಗತಿ? ‘ಅಡಗುಗುಣ’ ಎಂದು ನಾನೇ ಒಂದು ಕಟ್ಟಿದೆ. ಹಳಗನ್ನಡದಲ್ಲಿ ಅಡಗು ಅಂದರೆ ಮಾಂಸ ಎಂದು ನೆನಪಾಗಿ ನಗು ಬಂತು. ‘ಮರೆಗುಣ’ ಅಂದರೆ ಮರೆವಿನ ಕಾಯಿಲೆ ಅಂದುಕೊಂಡಾರು.

ಮೊನ್ನೆ ಪತ್ರಿಕೆಯ ವಾಣಿಜ್ಯ ಪುಟದಲ್ಲಿ ‘ಆರ್ಥಿಕ ಹಿಂಜರಿತ’ ಕಣ್ಣಿಗೆ ಬಿತ್ತು. ರಿಸೆಶನ್‌ಗೆ ನಾವು ಇಟ್ಟುಕೊಂಡಿರುವ ಪದ! ರಿಸೆಶನ್, ರಿಸೆಸಿವ್ ಎರಡೂ ಹಿಂದೆ ಸರಿ ಎನ್ನುವ ಒಂದೇ ಲ್ಯಾಟಿನ್ ಬೇರಿನಿಂದ ಬಂದವು. ದುಡ್ಡಿನ ವಿಷಯದಲ್ಲಿ ಹಿಂಜರಿತ ಅನ್ನುವವರು ಬಟಾಣಿಗೆ ಮಾತ್ರ ದುರ್ಬಲ ಅನ್ನುವುದೇಕೆ? ‘ಹಿಂಜರಿವ ಗುಣ’ ಎಂದರೆ ಅರ್ಥ ಕೂಡಲೇ ಸಿಗುತ್ತದೆ. ಪಕ್ಕದಲ್ಲಿ ಇನ್ನೊಂದಿದ್ದರೆ ಹಿಂದೆ ಸರಿಯುತ್ತದೆ, ತನ್ನಂಥದ್ದೇ ಜೊತೆಯಾದರೆ ಮುಂದೆ ಬರುತ್ತದೆ. ಮಗಳಿಗೆ ಹೀಗೆ ಹೇಳಿದೆ. "ಹೊಸಬರು ಬಂದ್ರೆ ನಾನು ಒಳಗೆ ಓಡಿ ಹೋಗ್ತೀನಲ್ಲ, ಹಾಗೆ" ಅಂದಳು.

ಸುಮ್ನೆ ಒಂದು ಮಾತು. ಪಾರಿಭಾಷಿಕ ಪದ ಕಟ್ಟಿದವರನ್ನೆಲ್ಲ ನಾನು ಬೈಯುತ್ತಿಲ್ಲ. ವಂಶವಾಹಿಗಳನ್ನು ಹೊತ್ತಿರುವ ಕ್ರೋಮೋಸೋಮ್ ಅಂದರೆ ಮೂಲದಲ್ಲಿ ಬಣ್ಣದ ಕಾಯ. ನಮ್ಮವರು ಅದನ್ನು ‘ವರ್ಣತಂತು’ ಮಾಡಿದರು, ಬಣ್ಣದ ಎಳೆ. ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಅನ್ನುವ ನಾಡಿಗೆ ಇದಕ್ಕಿಂತ ಒಪ್ಪುವ ಪದ ಸಿಕ್ಕೀತೇ?

ಈಗ ನನ್ನ ಪ್ರಶ್ನೆಗಳು. ‘ಹಿಂಜರಿವ ಗುಣ’ಕ್ಕೆ ಜೋಡಿಯಾಗಿ ಡಾಮಿನೆಂಟ್‌ಗೆ ಏನನ್ನೋಣ? ‘ಮೇಲ್ಗುಣ’ ಅಂದರೆ ಮೇಲು-ಕೀಳಿನ ವಾಸನೆ ಬರುತ್ತದೆ. ‘ಮುನ್ನುಗ್ಗುವ ಗುಣ’ ಸ್ವಲ್ಪ ಅತಿಯಾಯಿತು. ಇನ್ನೊಂದು, ಕುರಿ, ದನ, ಭತ್ತದ ತಳಿ ನೋಡುವವರು, ಅಜ್ಜಿಯ ಬಣ್ಣ ಮಗಳನ್ನು ಬಿಟ್ಟು ಮೊಮ್ಮಗಳಲ್ಲಿ ಬಂದಾಗ ಏನನ್ನುತ್ತಾರೆ? ನಿಮ್ಮ ಕಡೆಯ ಮಾತು ಇದ್ದರೆ ಊರಿನ ಹೆಸರಿನ ಜೊತೆ ಬರೆಯಿರಿ.