ಸಹಾಯ ಬೇಕು: ನಾಟಕ ಸ್ಪರ್ಧೆಗೆ ಅಂಕ ಹಾಕೋದು ಹೇಗೆ?
ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಎಸ್.ಎಂ. ಪಂಡಿತ ರಂಗಮಂದಿರದಲ್ಲಿ ಕಾಲೇಜು ಮಕ್ಕಳ ನಾಟಕ ಸ್ಪರ್ಧೆ ಮಾಡಬೇಕೆಂದಿದ್ದೇವೆ. ಒಂಬತ್ತು ತಂಡ, ಮೂವರು ತೀರ್ಪುಗಾರರು.

ಹೋದ ಸಲ ಇಬ್ಬರು ಎಲ್ಲರಿಗೂ 80ರ ಆಸುಪಾಸು ಕೊಟ್ಟರು. ಮೂರನೆಯವರು 35ರಿಂದ 90ರವರೆಗೆ ಹಾಕಿದರು. ಕೂಡಿಸಿದಾಗ ಅವರೊಬ್ಬರ ಮಾತೇ ನಡೆಯಿತು! ಈ ಸಲ ಅಂಕದ ಬದಲು ಮೂವರ ರ‍್ಯಾಂಕ್ ಕೂಡಿಸಿದರೆ ಸರಿಹೋಗುತ್ತಾ? ಟೈ ಆದರೆ?

ಇನ್ನೊಂದು ತಲೆನೋವು. ಆಳಂದ ಕಡೆಯ ರೈತನ ಪಾತ್ರದ ಹುಡುಗ ‘ಬಂದಾನ, ಹೋಗ್ಯಾನ’ ಅಂದದ್ದಕ್ಕೆ ‘ಉಚ್ಚಾರ ದೋಷ’ ಅಂತ ಅಂಕ ಕಡಿದಿದ್ದರು. ರೈತ ಬೆಂಗಳೂರು ಕನ್ನಡ ಆಡಬೇಕಿತ್ತಾ? ತೀರ್ಪುಗಾರರಿಗೆ ಬೇಜಾರಾಗದಂತೆ ಇದನ್ನು ಹೇಗೆ ಬರೆದುಕೊಡಲಿ?

ಬೆಳಕು, ಮೇಕಪ್ ಮಾಡುವ ಮಕ್ಕಳಿಗೂ ಬಹುಮಾನ ಇಡುವ ಆಸೆ ಇದೆ. ಯಾರ ಹತ್ತಿರವಾದರೂ ಹಳೇ ಅಂಕಪಟ್ಟಿ ಇದ್ದರೆ ಫೋಟೋ ಹಾಕ್ರಿ, ಪ್ಲೀಸ್.