ಸ್ಕೈರಿಮ್: ಕತ್ತಿ ಏಟು ಕೂರ್ತಿಲ್ಲ, ಆಮೇಲೆ ಹೆಲ್ತೂ ಕಮ್ಮಿ! (ಪರಿಹಾರ ಸಿಕ್ಕಿದೆ)

ಮಲೆನಾಡ_ಡೊವಾಕಿನ್
ಎಲ್ಲರಿಗೂ ನಮಸ್ಕಾರ. ಸ್ಕೈರಿಮ್ ವಿಡಿಯೋ ಗೇಮ್, ಸ್ಪೆಷಲ್ ಎಡಿಷನ್, ಪಿಎಸ್4 (ಪ್ಲೇಸ್ಟೇಷನ್). ಆಟ ಬಂದದ್ದು 2011ರಲ್ಲಿ, ನಾನು ಶುರು ಮಾಡಿದ್ದು ಹೋದ ತಿಂಗಳು, ನಗಬೇಡಿ. ಲೆವೆಲ್ 8 ನಾರ್ಡ್ (ಆಟದ ಒಂದು ಮನುಷ್ಯ ಜಾತಿ), ಒಂದು ಕೈಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ. ಮೊನ್ನೆವರೆಗೆ ಮೂರು ಏಟಿಗೆ ಮಲಗ್ತಿದ್ದ ಡಕಾಯಿತರು ಈಗ ಮೂರು ಬಾರಿಸಿದರೂ ನಿಂತೇ ಇರ್ತಾರೆ, ನಾಲ್ಕನೇದು ಬೇಕು. ಸಾಣೆಕಲ್ಲಿಗೆ ಹಿಡಿದು ಕತ್ತಿ ಚೂಪು ಮಾಡಿಸಿದೆ, ಡಿಫಿಕಲ್ಟಿ ಬದಲಾಗಿದೆಯಾ ಅಂತ ನೋಡಿದೆ, ಇಲ್ಲ. ಸೇವ್ ಫೈಲ್ ಕೆಟ್ಟಿರಬಹುದಾ? ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡೋಣ ಅಂದ್ರೆ ನಮ್ಮೂರ ನೆಟ್‌ನಲ್ಲಿ ಅದು ಎರಡು ದಿನದ ಕೆಲಸ, ಅದೂ ಮಳೆ ಬರದಿದ್ರೆ.

ಹುಬ್ಬಳ್ಳಿ_ಬಿಲ್ಲುಗಾರ
ಇನ್‌ಸ್ಟಾಲ್ ಗಿನ್‌ಸ್ಟಾಲ್ ಏನೂ ಬ್ಯಾಡ್ರಿ. ಮ್ಯಾಜಿಕ್ ಮೆನು ತಗೀರಿ, ಅದರಾಗ ಆಕ್ಟಿವ್ ಎಫೆಕ್ಟ್ಸ್ ಅಂತ ಐತಿ. ಅಲ್ಲಿ ಏನೇನ್ ಬರದೈತಿ ಅಷ್ಟೂ ಇಲ್ಲಿ ಹಾಕ್ರಿ. ಅಂದಂಗ, ತೋಳ ಏನರ ಕಡದಿದ್ವೇನು?

ಮಲೆನಾಡ_ಡೊವಾಕಿನ್
ತೋಳ ಕಡಿಯದ ದಿನ ಅಂತ ಈ ಆಟದಲ್ಲಿ ಇದೆಯಾ? ನೋಡಿದೆ. ರಾಕ್‌ಜಾಯಿಂಟ್ ಅಂತ ಒಂದಿದೆ. ಜಗಳದ ಮಧ್ಯೆ ಮೂಲೆಯಲ್ಲಿ ಏನೋ ಒಂದು ಸಾಲು ಬಂದು ಮಾಯ ಆಗಿತ್ತು, ಅದೇ ಇರಬೇಕು.

ಬಿಳಿಕೋಟು
ಅದೇ. ರಾಕ್‌ಜಾಯಿಂಟ್ ಹತ್ತಿದರೆ ಕೈಕತ್ತಿ, ಕೊಡಲಿ, ಗದೆ ಯಾವುದೇ ಇರಲಿ ಏಟಿನ ಜೋರು 25% ಇಳಿಯುತ್ತೆ. ನಿಮ್ಮ ಮೂರು ಏಟು ನಾಲ್ಕಾಗಿದ್ದು ಹಾಗೆ, ಲೆಕ್ಕ ಸರಿಯಾಗಿದೆ. ಬಿಲ್ಲು ಹಿಡಿಯೋರಿಗೆ ಇದು ಹತ್ತಿದರೂ ಗೊತ್ತೇ ಆಗಲ್ಲ, ಅದಕ್ಕೇ ನಮ್ಮ ಬಿಲ್ಲುಗಾರರು ಇಷ್ಟು ಆರಾಮಾಗಿದ್ದಾರೆ.

ಈ ಆಟದ ರೋಗಗಳ ತೊಂದರೆ ಏನಂದ್ರೆ ಮುಖದ ಮೇಲೆ ಕಾಣಲ್ಲ. ಕೆಮ್ಮಿಲ್ಲ, ಜ್ವರ ಇಲ್ಲ. ಯಾವುದೋ ಒಂದು ಸಂಖ್ಯೆ ಸದ್ದಿಲ್ಲದೆ ಕುಗ್ಗಿರುತ್ತೆ. ಹಾಗಾಗಿ ಯಾವುದು ಕುಗ್ಗಿದೆ, ಯಾರು ಕಚ್ಚಿದ್ರು, ಇವೆರಡು ಕೇಳಿದರೆ ಸಾಮಾನ್ಯವಾಗಿ ಹೆಸರು ಸಿಗುತ್ತೆ. ಬೀಗ ತೆಗೆಯೋದು, ಜೇಬು ಕತ್ತರಿಸೋದು ಇದ್ದಕ್ಕಿದ್ದ ಹಾಗೆ ಕಷ್ಟ ಆಯ್ತಾ, ಸ್ಕೀವರ್ ಕಚ್ಚಿರುತ್ತೆ (ಆ ನಾಯಿ ಗಾತ್ರದ ಇಲಿ), ಹೆಸರು ಅಟಾಕ್ಸಿಯಾ. ನಿಜವಾದ ವೈದ್ಯಶಾಸ್ತ್ರದಲ್ಲೂ ಅಟಾಕ್ಸಿಯಾ ಅಂದ್ರೆ ಕೈಕಾಲಿನ ಚಲನೆ ಹೊಂದಾಣಿಕೆ ತಪ್ಪೋದು. ಕೈ ನಡುಗುವವನ ಹತ್ತಿರ ಬೀಗ ತೆಗೆಸಿದಂಗೆ, ಹೆಸರಿಟ್ಟವರು ಯೋಚನೆ ಮಾಡಿ ಇಟ್ಟಿದ್ದಾರೆ. ಸ್ಟ್ಯಾಮಿನಾ (ದಮ್ಮು) 25 ಇಳಿದಿದ್ರೆ ಕರಡಿ ಕೊಟ್ಟ ಬೋನ್ ಬ್ರೇಕ್ ಫೀವರ್. ಮ್ಯಾಜಿಕಾ (ಮಂತ್ರಶಕ್ತಿ) 25 ಇಳಿದಿದ್ರೆ ಹ್ಯಾಗ್‌ರೇವನ್ (ಅರ್ಧ ಹಕ್ಕಿಯಂಥ ಮಾಟಗಾತಿ) ಕೊಟ್ಟ ಬ್ರೇನ್ ರಾಟ್. ಇಳಿದಿಲ್ಲ, ಆದರೆ ತುಂಬೋದು ಅರ್ಧಕ್ಕರ್ಧ ನಿಧಾನ ಆಗಿದೆ ಅಂದ್ರೆ, ಸ್ಟ್ಯಾಮಿನಾ ಆದರೆ ಚೌರಸ್ ಹುಳದ ರ‍್ಯಾಟಲ್ಸ್, ಮ್ಯಾಜಿಕಾ ಆದರೆ ಸೇಬರ್ ಕ್ಯಾಟ್ (ಕೋರೆಹಲ್ಲಿನ ದೊಡ್ಡ ಬೆಕ್ಕು) ಪರಚಿದ ವಿಟ್‌ಬೇನ್. ಯಾರೂ ಕಚ್ಚಿಲ್ಲ ಅಂದ್ರೂ ಹಳೇ ಗೋರಿಗಳಲ್ಲಿರೋ ಬಲೆಗಳಿಂದ ಕೂಡ ಹತ್ತಬಹುದು.

ಇವೆಲ್ಲಕ್ಕೂ ಮದ್ದು ಒಂದೇ. ಕ್ಯೂರ್ ಡಿಸೀಸ್ ಪೋಷನ್ (ರೋಗ ಕಳೆಯೋ ಔಷಧಿ) ಕುಡೀರಿ. ದುಡ್ಡಿಲ್ವಾ, ಯಾವುದಾದ್ರೂ ದೇವರ ಶ್ರೈನ್ (ಪುಟ್ಟ ಪೂಜಾಪೀಠ) ಮುಟ್ಟಿ. ವೈಟ್‌ರನ್ ಊರಲ್ಲಿ ಟಾಲೋಸ್ ದೇವರ ಪ್ರತಿಮೆ ಇದೆಯಲ್ಲ, ಹೈಮ್‌ಸ್ಕರ್ ಅನ್ನೋ ಭಾಷಣಕಾರ ಇಡೀ ದಿನ ಗಂಟಲು ಹರ್ಕೊಳ್ತಾನಲ್ಲ, ಅದರ ಪಾದದ ಹತ್ತಿರ ಇರೋದೇ ಶ್ರೈನ್.

ಮಲೆನಾಡ_ಡೊವಾಕಿನ್
ಮುಟ್ಟಿದೆ, ಹೋಯ್ತು! ಮೂರು ಏಟಿಗೆ ಮಲಗ್ತಿದ್ದಾರೆ. ಆ ಭಾಷಣದವನು ಯಾಕಿದ್ದಾನೆ ಅಂತ ಒಂದು ತಿಂಗಳಿಂದ ಯೋಚಿಸ್ತಿದ್ದೆ, ವಿಳಾಸ ಹೇಳೋಕೆ ಅಂತ ಈಗ ಗೊತ್ತಾಯ್ತು.

ಕಡಲತಡಿ
ನಿಮಗೆ ಸುಖ ಮಾರಾಯ್ರೇ. ನಾನು ಆಡುವುದು ಸರ್ವೈವಲ್ ಮೋಡ್‌ನಲ್ಲಿ. ಅಲ್ಲಿ ರೋಗ ಸುಮ್ಮನೆ ಕೂತುಕೊಳ್ಳುವುದಿಲ್ಲ, ಬಿಟ್ಟಷ್ಟು ದಿನ ಬಲಿಯುತ್ತದೆ. ಹಸಿ ಮಾಂಸ ತಿಂದರೆ ಹೊಟ್ಟೆ ಹಾಳು. ದೇವರೂ ಪುಕ್ಕಟೆ ಗುಣ ಮಾಡುವುದಿಲ್ಲ, ಚಿನ್ನದ ಕಾಣಿಕೆ ಹಾಕಬೇಕು. ನೀವು ಆ ಮೋಡ್ ಆನ್ ಮಾಡುವುದಾದರೆ ಒಂದೆರಡು ಪೋಷನ್ ಚೀಲದಲ್ಲಿ ಇಟ್ಟುಕೊಂಡೇ ಮಾಡಿ.

ಮಲೆನಾಡ_ಡೊವಾಕಿನ್
ನಾಲ್ಕು ದಿನ ಬಿಟ್ಟು ಮತ್ತೆ ಬಂದೆ, ಕ್ಷಮಿಸಿ. ಈ ಸಲ ನಿಜವಾಗಿ ಬಗ್ ಅನ್ಸುತ್ತೆ.

ಈಗ ಲೆವೆಲ್ 9. ಪ್ರತಿ ಲೆವೆಲ್‌ಗೂ ಹೆಲ್ತನ್ನೇ ಆರಿಸಿದ್ದೀನಿ, 180 ಇರಬೇಕು. ಮಧ್ಯದಲ್ಲಿ ಯಾವಾಗಲೋ ನೋಡಿದಾಗ 155 ಇತ್ತು. ಮಲಗಿ ಎದ್ದರೆ ಸರಿ ಹೋಗುತ್ತೆ ಅಂತ ಎರಡು ರಾತ್ರಿ ಹೋಟೆಲ್ ರೂಮ್ ಮಾಡಿ ಮಲಗಿಸಿದೆ. ಈಗ ಹಗಲಲ್ಲಿ 165, ರಾತ್ರಿ 180. ಹಗಲು ಏಟು ತಿಂದರೆ ತನ್ನಷ್ಟಕ್ಕೆ ತುಂಬೋದೂ ಇಲ್ಲ. ನೀವು ಹೇಳಿದ್ರಿ ಅಂತ ಪೋಷನ್ ಕುಡಿದೆ, ಏನೂ ಆಗಲಿಲ್ಲ. ಟಾಲೋಸ್ ಮುಟ್ಟಿದೆ, ಆಶೀರ್ವಾದ ಕೊಟ್ಟ, ಇದು ಹೋಗಲಿಲ್ಲ. ಸಂಜೆ ಆದ್ರೆ ಏನೋ ವಿಚಿತ್ರ ದಾಹ ಅಂತ ಬರುತ್ತೆ. ಆಕ್ಟಿವ್ ಎಫೆಕ್ಟ್ಸ್‌ನಲ್ಲಿ ರೋಗದ ಹೆಸರೇ ಇಲ್ಲ, ಆದ್ರೆ ಬೆಂಕಿಗೆ ದುರ್ಬಲ, ಚಳಿ ತಡೀತೀಯ, ಬಿಸಿಲಿಗೆ ದುರ್ಬಲ ಅಂತ ಏನೇನೋ ಇದೆ.

ಹುಬ್ಬಳ್ಳಿ_ಬಿಲ್ಲುಗಾರ
ಅಯ್ಯೋ ಶಿವನ. ಮಾರ್ಥಲ್ ಊರ ಕಡೆ ಹೋಗಿದ್ರೇನು?

ಮಲೆನಾಡ_ಡೊವಾಕಿನ್
ಹೌದು! ಸುಟ್ಟು ಹೋದ ಮನೆ ಕಥೆ ಮಾಡ್ತಿದ್ದೆ. ಆಲ್ವಾ ಅನ್ನೋಳ ಶವಪೆಟ್ಟಿಗೆ, ಆಮೇಲೆ ಮೊವಾರ್ತ್ ಗವಿ. ಆರೇಳು ರಕ್ತಪಿಶಾಚಿಗಳನ್ನು ಕೊಂದೆ. ಹೇಗೆ ಗೊತ್ತಾಯ್ತು?

ಹಳೆಗೇಮರ್_2002
ಗುರು, ನೀನು ಅವರನ್ನ ಕೊಂದೆ, ಅವರು ನಿನ್ನನ್ನ ಸೇರಿಸ್ಕೊಂಡ್ರು. ನೀನೀಗ ರಕ್ತಪಿಶಾಚಿ.

155ಕ್ಕೆ ಇಳಿದಾಗ ಹತ್ತಿದ್ದು ಸಾಂಗ್ವಿನಾರೆ ವ್ಯಾಂಪೈರಿಸ್ ಅನ್ನೋ ರೋಗ. ಪಿಶಾಚಿ ಕೈಯಿಂದ ಕೆಂಪು ಮಂತ್ರ ಬಿಟ್ಟು ನಿನ್ನ ಜೀವ ಹೀರುತ್ತಲ್ಲ, ಅದು ಒಂದೊಂದು ಸಲ ತಾಗಿದಾಗ್ಲೂ ರೋಗ ಹತ್ತೋ ಸಾಧ್ಯತೆ ಇದೆ. ಆರೇಳು ಜನ ಹೀರಿದ್ರೆ ತಪ್ಪಿಸ್ಕೊಳ್ಳೋದು ಕಷ್ಟ. ಹೆಲ್ತ್ 25 ಇಳಿಸುತ್ತೆ, ಅಷ್ಟೇ ಕಾಣೋದು. ಆದ್ರೆ ಬೇರೆ ಆರು ರೋಗಕ್ಕೆ ಇಲ್ಲದ್ದು ಇದಕ್ಕಿದೆ, ಗಡುವು. ಆಟದ ಲೆಕ್ಕದಲ್ಲಿ ಮೂರು ದಿನ. ಅಷ್ಟರೊಳಗೆ ಪೋಷನ್ನೋ ಶ್ರೈನೋ ಆಗಿದ್ರೆ ನೆಗಡಿ ಹೋದಂಗೆ ಹೋಗಿರೋದು. ಮೂರು ದಿನ ದಾಟಿದ್ರೆ ಅದು ರೋಗ ಅಲ್ಲ, ನೀನೇ ಅದು. ಪಟ್ಟಿಯಲ್ಲಿ ರೋಗದ ಹೆಸರು ಇಲ್ಲದಿರೋದು ಅದಕ್ಕೇ. ಪಿಶಾಚಿಗೆ ರೋಗ ಹತ್ತಲ್ಲ, ವಿಷಾನೂ ನಾಟಲ್ಲ.

ಮೂರು ದಿನ ಅಂದ್ರೆ ಜಾಸ್ತಿ ಅನ್ಸುತ್ತೆ. ಸ್ಕೈರಿಮ್‌ನಲ್ಲಿ ಸಮಯ ನಮ್ಮದಕ್ಕಿಂತ 20 ಪಟ್ಟು ಬೇಗ ಓಡುತ್ತೆ. 72 ಗಂಟೆ ಅಂದ್ರೆ ನಮ್ಮ 3 ಗಂಟೆ 36 ನಿಮಿಷ, ಭಾನುವಾರ ಮಧ್ಯಾಹ್ನ ಊಟ ಮಾಡಿ ಕೂತ್ರೆ ಕಾಫಿ ಹೊತ್ತಿಗೆ ಮುಗೀತು. ಅದ್ರ ಮೇಲೆ ನೀನು ಎರಡು ರಾತ್ರಿ ಮಲಗಿಸಿದ್ದೀಯ, ಊರಿಂದ ಊರಿಗೆ ಫಾಸ್ಟ್ ಟ್ರಾವೆಲ್ (ನಕ್ಷೆ ಮೇಲೆ ಒತ್ತಿ ಒಂದೇ ಸಲ ತಲುಪೋದು) ಬೇರೆ ಮಾಡಿರ್ತೀಯ. ಗಡಿಯಾರ ನೀನೇ ತಿರುಗಿಸಿದೆ. ಕಾಯಿಲೆ ಮಲಗಿದ್ರೆ ವಾಸಿ ಆಗುತ್ತೆ ಅನ್ನೋದು ನಮ್ಮಮ್ಮನ ವೈದ್ಯ, ಇಲ್ಲಿ ಉಲ್ಟಾ.

ಬಿಳಿಕೋಟು
ಲಕ್ಷಣಗಳೂ ಪೂರ್ತಿ ಹೊಂದುತ್ತೆ. ಪಿಶಾಚಿಗೆ ನಾಲ್ಕು ಹಂತ. ಬಿಸಿಲಲ್ಲಿ ಹೆಲ್ತ್, ಮ್ಯಾಜಿಕಾ, ಸ್ಟ್ಯಾಮಿನಾ ಮೂರೂ ಮೊದಲ ಹಂತದಲ್ಲಿ 15 ಇಳಿಯುತ್ತೆ, ಆಮೇಲೆ 30, 45, ಕೊನೆಗೆ 60. ನಿಮ್ಮದು 180ರಿಂದ 165, ಅಂದ್ರೆ ಮೊದಲ ಹಂತ. ಮಲಗಿರೋರ ರಕ್ತ ಕುಡಿಯದೆ ಒಂದೊಂದು ದಿನ ಕಳೆದ ಹಾಗೂ ಒಂದೊಂದು ಹಂತ ಮೇಲೆ. ಬೆಂಕಿ ಉಗುಳೋ ಡ್ರ್ಯಾಗನ್ ಎದುರಾದರೆ ಈಗ ದೂರ ಇರಿ.

ಮಲೆನಾಡ_ಡೊವಾಕಿನ್
ಹಳೇ ಸೇವ್ ಇದೆ, ಆದ್ರೆ ಆರು ಗಂಟೆ ಆಟ ಹಿಂದಕ್ಕೆ ಹೋಗುತ್ತೆ. ಬೇರೆ ದಾರಿ ಇಲ್ವಾ? ಪಿಸಿ ಇದ್ದೋರು ಏನೋ ಕನ್ಸೋಲ್ ಕಮಾಂಡ್ ಅಂತಾರೆ.

ಹಳೆಗೇಮರ್_2002
ನಿನ್ನ ಪಿಎಸ್4ನಲ್ಲಿ ಅದಿಲ್ಲ, ಇದ್ದಿದ್ರೂ ಬೇಡ ಅಂತಿದ್ದೆ. ವಾಸಿ ಆಗೋಕೆ ಒಂದು ಕ್ವೆಸ್ಟ್ (ಆಟ ಕೊಡೋ ಕೆಲಸ) ಇದೆ, ಚೆನ್ನಾಗಿದೆ, ಆಡು. ಎಲ್ಲಿ ಹತ್ತಿತೋ ಅದೇ ಊರಲ್ಲಿ ಮದ್ದು. ಮಾರ್ಥಲ್‌ನಲ್ಲಿ ಫಾಲಿಯನ್ ಅಂತ ಮಾಂತ್ರಿಕ, ಮೂರ್‌ಸೈಡ್ ಹೋಟೆಲಿನ ಜೋನಾ ಇದ್ದಾಳಲ್ಲ, ಅವಳ ಅಣ್ಣ. ಊರವರೆಲ್ಲ ಅವನ ಮೇಲೇ ಅನುಮಾನ ಪಡ್ತಾರೆ, ನಿಜವಾಗಿ ಪಿಶಾಚಿಯಾಗಿದ್ದ ಆಲ್ವಾಳ ಮೇಲೆ ಯಾರಿಗೂ ಇರಲಿಲ್ಲ. ಅವನ ಹತ್ರ ಹೋಗಿ ನೇರ ಕೇಳು. ತುಂಬಿದ ಬ್ಲ್ಯಾಕ್ ಸೋಲ್ ಜೆಮ್ (ಮನುಷ್ಯರಂಥವರ ಆತ್ಮ ಹಿಡಿದಿಡೋ ಕಪ್ಪು ರತ್ನ) ತಾ ಅಂತಾನೆ. ಖಾಲಿದು ಅವನೇ ಮಾರ್ತಾನೆ, ತುಂಬಿಸೋದು ನಿನ್ನ ಕೆಲಸ. ಕೊಟ್ಟ ಮೇಲೆ ಬೆಳಗಿನ ಜಾವ ಜವುಗಲ್ಲಿರೋ ಕಲ್ಲಿನ ವೃತ್ತಕ್ಕೆ ಬಾ ಅಂತಾನೆ.

ಇಷ್ಟರಲ್ಲೇ ಮುಗೀತು ಅಂತ ಪುಣ್ಯ ಮಾಡಿದ್ದೀಯ. ಇದೇ ಸರಣಿಯ 2006ರ ಆಟ ಒಬ್ಲಿವಿಯನ್‌ನಲ್ಲಿ ಮೆಲಿಸಾಂಡೆ ಅನ್ನೋ ಮುದುಕಿ ಮೊದಲು ಐದು ಖಾಲಿ ಗ್ರ್ಯಾಂಡ್ ಸೋಲ್ ಜೆಮ್ ಕೇಳ್ತಿದ್ಲು, ಆಮೇಲೆ ಬೆಳ್ಳುಳ್ಳಿ, ಬ್ಲಡ್‌ಗ್ರಾಸ್, ಆರ್ಗೋನಿಯನ್ (ಹಲ್ಲಿಮನುಷ್ಯ) ರಕ್ತ, ಒಬ್ಬ ಪುರಾತನ ಪಿಶಾಚಿಯ ಬೂದಿ ಅಂತ ಮದುವೆ ಸಾಮಾನಿನ ಪಟ್ಟಿ. ಅದಕ್ಕೂ ಮುಂಚೆ 2002ರ ಮಾರೋವಿಂಡ್‌ನಲ್ಲಿ ಸಾಮಾನ್ಯ ರೋಗಕ್ಕೆ ಒಂದು ಪೋಷನ್, ಬ್ಲೈಟ್ ರೋಗಕ್ಕೆ ಬೇರೆ. ಕಾರ್ಪ್ರಸ್ ಅನ್ನೋ ಮೂರನೇದನ್ನ ಮುಖ್ಯ ಕಥೆಯೇ ನಿನಗೆ ಹತ್ತಿಸುತ್ತೆ, ಅದಕ್ಕೆ ಮದ್ದು ಹುಡ್ಕೊಂಡು ಟೆಲ್ ಫೈರ್ ಗೋಪುರದಲ್ಲಿರೋ ಡಿವೈತ್ ಫೈರ್ ಅನ್ನೋ ಸಾವಿರಾರು ವರ್ಷದ ಮುದುಕನ ಹತ್ರ ಹೋಗ್ಬೇಕು. ಈಗಿನ ಹುಡುಗರಿಗೆ ಕಲ್ಲು ಮುಟ್ಟಿದ್ರೆ ವಾಸಿ.

ಕಡಲತಡಿ
ಇನ್ನೊಂದು ದಾರಿ ಉಂಟು. ವೈಟ್‌ರನ್‌ನ ಕಂಪ್ಯಾನಿಯನ್ಸ್ ಅನ್ನುವ ಯೋಧರ ಗುಂಪಿನ ಜೊತೆ ಸೇರಿ, ಕಥೆ ಮುಂದುವರಿದಾಗ ಅಂಡರ್‌ಫೋರ್ಜ್‌ನಲ್ಲಿ ಅವರಲ್ಲೊಬ್ಬಳಾದ ಏಲಾ ಕೊಡುವ ರಕ್ತ ಕುಡಿದರೆ ತೋಳಮನುಷ್ಯ ಆಗ್ತೀರಿ. ಒಂದೇ ಮೈಯಲ್ಲಿ ಎರಡೂ ಇರುವುದಿಲ್ಲ, ಪಿಶಾಚಿತನ ಹೋಗ್ತದೆ. ಮತ್ತೆ ಯಾವ ರೋಗವೂ ಹತ್ತುವುದಿಲ್ಲ. ಆದರೆ ಮಲಗಿದರೆ ಸಿಗುವ ರೆಸ್ಟೆಡ್ ಬೋನಸ್ ಮರೆತುಬಿಡಿ.

ಹುಬ್ಬಳ್ಳಿ_ಬಿಲ್ಲುಗಾರ
ಪಿಶಾಚಿ ಬಿಡಾಕ ತೋಳ ಆಗೋದು ಅಂದ್ರ ಬಿಸಿಲಿಗೆ ಹೆದರಿ ಒಲಿಯೊಳಗ ಕುಂತಂಗ. ಫಾಲಿಯನ್ ಕಡೆ ಹೋಗ್ರಿ.

ಮಲೆನಾಡ_ಡೊವಾಕಿನ್
ಜೆಮ್ ತಗೊಂಡೆ, ಆತ್ಮ ಹಿಡಿಯೋ ಸೋಲ್ ಟ್ರ್ಯಾಪ್ ಮಂತ್ರಾನೂ ಕಲಿತೆ. ಗೋರಿಗೆ ಹೋಗಿ ನಾಲ್ಕು ಡ್ರಾಗರ್ ಮೇಲೆ ಮಂತ್ರ ಹಾಕಿ ಕೊಂದೆ. ಫಾಲಿಯನ್‌ಗೆ ಬೇಕಾದ್ದು ಆಗ್ತಿಲ್ಲ. ಡ್ರಾಗರ್ ಮನುಷ್ಯರ ಹೆಣ ತಾನೆ?

ಬಿಳಿಕೋಟು
ಹೆಣ ಮನುಷ್ಯರದ್ದೇ, ಆದರೆ ಆಟದ ಲೆಕ್ಕಕ್ಕೆ ಅದು ಪ್ರಾಣಿ ಆತ್ಮ. ಮಾತಾಡೋ ಜಾತಿಯವರು ಬೇಕು: ನಾರ್ಡ್, ಎಲ್ಫ್, ಖಜೀಟ್ (ಬೆಕ್ಕುಮನುಷ್ಯ) ಯಾರಾದ್ರೂ. ಯಾವುದಾದ್ರೂ ಡಕಾಯಿತರ ಅಡ್ಡೆಗೆ ಹೋಗಿ ಒಬ್ಬನ ಮೇಲೆ ಮಂತ್ರ ಹಾಕಿ, ಅದು ಆರೋದರೊಳಗೆ ಅವನು ಸಾಯಬೇಕು. ಮಂತ್ರ ಕೊನೇ ಏಟಿಗೆ ಸ್ವಲ್ಪ ಮುಂಚೆ ಹಾಕೋದು ವಾಸಿ.

ಅಂದಂಗೆ ಒಂದು ಕೇಳೋದಿತ್ತು. ಮೊವಾರ್ತ್ ಗವಿಯಲ್ಲಿ ಸತ್ತವರ ಬೂದಿ ಎತ್ಕೊಂಡ್ರಾ? ವ್ಯಾಂಪೈರ್ ಡಸ್ಟ್ ಅಂತ ಇರುತ್ತೆ.

ಮಲೆನಾಡ_ಡೊವಾಕಿನ್
ಐದಿತ್ತು. ಮಾರ್ಥಲ್‌ನಲ್ಲೇ ಮಾರಿದೆ. ಜೊತೆಗೆ ಗಿಡುಗದ ಗರಿ, ಏಡಿ ಚಿಪ್ಪು ಎಲ್ಲಾ ಕಸ ಅಂತ ಕೊಟ್ಟುಬಿಟ್ಟೆ. ಯಾಕೆ?

ಬಿಳಿಕೋಟು
ಹೇಳಿದ್ರೆ ಬೇಜಾರಾಗ್ತೀರ. ಈ ಆಟದಲ್ಲಿ ಮದ್ದಿನ ಪ್ರತಿ ಸಾಮಾನಿಗೂ ನಾಲ್ಕು ಗುಣ, ಆ ಬೂದಿಯ ನಾಲ್ಕನೇದು ಕ್ಯೂರ್ ಡಿಸೀಸ್. ಮಡ್‌ಕ್ರ್ಯಾಬ್ (ಏಡಿ) ಚಿಪ್ಪಿನದು ಎರಡನೇದು, ಸುಟ್ಟ ಸ್ಕೀವರ್ ಚರ್ಮದ್ದೂ ಎರಡನೇದು. ಇವುಗಳಲ್ಲಿ ಯಾವ ಎರಡನ್ನು ಆಲ್ಕೆಮಿ (ಮದ್ದು ತಯಾರಿಸೋ) ಮೇಜಿನ ಮೇಲೆ ಬೆರೆಸಿದರೂ ಪೋಷನ್ ರೆಡಿ. ಗರಿಯದ್ದಂತೂ ಮೊದಲನೇ ಗುಣವೇ ಅದು. ಮೇಜೂ ಬೇಡ, ಹಾಗೇ ಬಾಯಿಗೆ ಹಾಕಿದ್ರೆ ಸಾಕಿತ್ತು, ಯಾಕಂದ್ರೆ ಹಸಿ ತಿಂದಾಗ ಕೆಲಸ ಮಾಡೋದು ಮೊದಲ ಗುಣ ಮಾತ್ರ. ಹತ್ತಿಸಿದವರ ಬೂದಿಯಲ್ಲೇ ಮದ್ದಿತ್ತು, ಮಾರೋ ತನಕ ನಿಮ್ಮ ಚೀಲದಲ್ಲೇ ಇತ್ತು.

ಹಳೆಗೇಮರ್_2002
😂 ಅವನಿಗೆ ಈಗಲೇ ಹೇಳ್ಬೇಕಿತ್ತಾ ಡಾಕ್ಟ್ರೇ.

ಮಲೆನಾಡ_ಡೊವಾಕಿನ್
ಆಯ್ತು. ದಾರಿ ಬದಿ ಡಕಾಯಿತನೊಬ್ಬ ದುಡ್ಡು ಕೇಳಿದ, ಅವನೇ ಜೆಮ್ ಒಳಗೆ ಹೋದ. ಫಾಲಿಯನ್‌ಗೆ ಕೊಟ್ಟು ವೃತ್ತಕ್ಕೆ ಹೋದರೆ ಅವನು ಬಂದು ಸುಮ್ಮನೆ ನಿಂತಿದ್ದ, ಮಾತಿಲ್ಲ. ಮತ್ತೆ ಬಗ್ ಅಂತ ಇಲ್ಲಿ ಬರೆಯೋಕೆ ಹೊರಟಿದ್ದೆ, ಗಂಟೆ ನೋಡಿದೆ, ಇನ್ನೂ ಮೂರೂವರೆ. ವೇಟ್ ಒತ್ತಿ ಐದು ದಾಟಿಸಿದೆ, ಶುರು ಮಾಡಿದ. ಇದೇ ತೊಂದರೆಯಲ್ಲಿ ಯಾರಾದ್ರೂ ಇದ್ರೆ ನೋಡ್ಕೊಳ್ಳಿ.

ಈಗ ಮಟಮಟ ಮಧ್ಯಾಹ್ನ ವೈಟ್‌ರನ್ ಅಂಗಡಿ ಬೀದಿಯಲ್ಲಿ ನಿಂತು ನೋಡಿದೆ, 180. ಮಾರಿದ ಗರಿ ವಾಪಸ್ ಸಿಗಲಿಲ್ಲ, ದಾರಿಯಲ್ಲಿ ಎರಡು ಗಿಡುಗ ಹೊಡೆದೆ. ಬಾಣ ಹನ್ನೆರಡು ಖರ್ಚಾಯ್ತು, ಬಿಲ್ಲುಗಾರರು ನಗಬಾರದು.

ಹುಬ್ಬಳ್ಳಿ_ಬಿಲ್ಲುಗಾರ
ಹನ್ನೆರಡಾ?