ಕಿರಿಯರ ಐಸ್ ಹಾಕಿ: ಆಟಗಾರನನ್ನು ಅಳೆಯುವುದು ಹೇಗೆ?

ಪ್ರಶ್ನೆ (ತೀರ್ಥಹಳ್ಳಿ):
ಡಿಸೆಂಬರ್ ಕೊನೆಯಲ್ಲಿ ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಮುಂದೆ ಕುಳಿತ ರಾತ್ರಿಗಳಲ್ಲಿ, 20 ವರ್ಷದೊಳಗಿನವರ ವಿಶ್ವ ಐಸ್ ಹಾಕಿ ಪಂದ್ಯಗಳನ್ನು ಮೊಬೈಲಿನಲ್ಲಿ ನೋಡುತ್ತೇನೆ. ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ ಡ್ರಾಫ್ಟ್‌ಗೆ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಆಯ್ಕೆಗೆ) ಬರಲಿರುವ ಹುಡುಗರನ್ನು ಗೋಲುಗಳ ಲೆಕ್ಕದಿಂದಲೇ ಅಳೆಯಬಹುದೇ?

ಉತ್ತರ (ಸಾಗರ):
ಲೆಕ್ಕವೊಂದೇ ಸಾಲದು. ಮೊದಲ ಬಾರಿ ಡ್ರಾಫ್ಟ್‌ಗೆ ಬರುವವರು ಬಹುಪಾಲು 17-18ರ ಹುಡುಗರು. ಈ ಕೂಟದ ತಂಡಗಳಲ್ಲಿ 19ರವರೇ ಹೆಚ್ಚಿರುವುದರಿಂದ ಇವರಿಗೆ ಆಡಲು ಸಿಗುವ ನಿಮಿಷಗಳೇ ಕಡಿಮೆ. 2023ರ ಕೂಟದಲ್ಲಿ 17ರ ಕಾನರ್ ಬೆಡಾರ್ಡ್ 7 ಪಂದ್ಯಗಳಲ್ಲಿ 23 ಅಂಕ (ಹೊಡೆದ ಗೋಲು ಮತ್ತು ಗೋಲಿಗೆ ಕೊಟ್ಟ ನೆರವು ಸೇರಿ) ಗಳಿಸಿ, ಆ ವರ್ಷದ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಶಿಕಾಗೊ ತಂಡಕ್ಕೆ ಆಯ್ಕೆಯಾದದ್ದು ತೀರಾ ಅಪರೂಪ. ಮೂಲೆಗೆ ಹೋದ ಪಕ್ಕನ್ನು (ಆಟದ ರಬ್ಬರ್ ಬಿಲ್ಲೆಯನ್ನು) ಹಿಡಿಯುವ ಮುನ್ನ ಹುಡುಗ ಒಮ್ಮೆ ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಾನೆಯೇ, ಪಕ್ ಕಳೆದುಕೊಂಡ ಮೇಲೆ ತನ್ನ ಗೋಲಿನ ಕಡೆಗೆ ಅಷ್ಟೇ ವೇಗವಾಗಿ ಮರಳುತ್ತಾನೆಯೇ ಎಂಬುದನ್ನೇ ನಾನು ಮೊದಲು ಗಮನಿಸುತ್ತೇನೆ.

ಉತ್ತರ (ಶಿವಮೊಗ್ಗ):
ಸಾಗರದವರ ಮಾತು ಸರಿ. ಎದುರಾಳಿ ಯಾರೆಂಬುದನ್ನೂ ನೋಡಿ: ದುರ್ಬಲ ತಂಡದ ವಿರುದ್ಧ ಗಳಿಸಿದ ಅಂಕಗಳಿಗೂ ಸೆಮಿಫೈನಲ್‌ನಲ್ಲಿ ಗಳಿಸಿದವಕ್ಕೂ ಒಂದೇ ತೂಕವಿಲ್ಲ. ಸಮವಯಸ್ಕರ ನಡುವೆ ಹೋಲಿಸಬೇಕೆಂದಿದ್ದರೆ ಏಪ್ರಿಲ್ ಹೊತ್ತಿಗೆ ನಡೆಯುವ 18 ವರ್ಷದೊಳಗಿನವರ ಕೂಟವೇ ಹೆಚ್ಚು ಅನುಕೂಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಈ ಸಲ ಪಕ್ಕನ್ನು ಬಿಟ್ಟು, ಒಬ್ಬನೇ ಹುಡುಗನನ್ನು ಇಡೀ ಪಂದ್ಯ ಹಿಂಬಾಲಿಸಿ ನೋಡುತ್ತೇನೆ.